ಒಂಬತ್ತು ದೊಡ್ಡದೋ, ಆರು ದೊಡ್ಡದೋ

ಎರಡು ವಸ್ತು ಮುಂದಿಟ್ಟು "ಇದರಲ್ಲಿ ಯಾವುದು ಒಳ್ಳೇದು, ಹೇಳಿ ಮೇಡಂ" ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿದುಹೋಗುತ್ತದೆ. ಸೀರೆಯಾದರೂ ಅಷ್ಟೆ, ಕುಕ್ಕರ್ ಆದರೂ ಅಷ್ಟೆ. ಎರಡು ಸಾವಿರದ ಆರನೇ ಇಸವಿಯಲ್ಲಿ ರಾಮನಗರದ ನಮ್ಮ ಕಾಲೇಜಿಗೆ ಒಂದು ಸರ್ವರ್ ಕೊಳ್ಳಲು ಹೊರಟಾಗ ಹಿಡಿದ ಉರಿ ಇದು. ಇನ್ನೂ ಆರಿಲ್ಲ.

ನಮ್ಮದು ಹೆಣ್ಣುಮಕ್ಕಳ ಕಾಲೇಜು. ಊರಿನ ರೇಷ್ಮೆ ರೀಲರುಗಳು, ಅಂದರೆ ಮಾರುಕಟ್ಟೆಯಲ್ಲಿ ಗೂಡು ಕೊಂಡು, ಬೇಯಿಸಿ, ನೂಲು ಬಿಚ್ಚುವವರು, ಒಟ್ಟು ಸೇರಿ ಕಟ್ಟಿದ್ದು. ಅಧ್ಯಕ್ಷರು ಬೋರಲಿಂಗಯ್ಯನವರು. ಅವರ ಜೊತೆ ಖರೀದಿ ಸಮಿತಿಯಲ್ಲಿದ್ದ ಇನ್ನೊಬ್ಬರು ಅಕ್ಬರಿ ಬೇಗಂ. ಗಂಡ ಹೋದ ಮೇಲೆ ಬಿಚ್ಚಾಣಿಕೆಯ ಕೆಲಸವನ್ನೆಲ್ಲ ತಾನೇ ನಿಂತು ನಡೆಸಿದ ಹೆಂಗಸು. ಕಂಪ್ಯೂಟರ್ ವಿಭಾಗ ಎಂದರೆ ದೊಡ್ಡಮಳೂರಿನಿಂದ ಬಸ್ಸಿನಲ್ಲಿ ಬಂದು ಹೋಗುವ ನಾನೊಬ್ಬಳೇ, ಪ್ರತಿಮಾ.

ಆ ವರ್ಷ ಬಿಸಿಎ ಶುರುವಾಗಿತ್ತು. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯಿಂದೆಲ್ಲ ನಲವತ್ತು ಹುಡುಗಿಯರು ಸೇರಿದ್ದರು. ವಿಶ್ವವಿದ್ಯಾಲಯ ಕೊಟ್ಟಿದ್ದು ತಾತ್ಕಾಲಿಕ ಅನುಮತಿ. ತಪಾಸಣೆಯ ತಂಡ ಬಂದಾಗ ಲ್ಯಾಬಿನಲ್ಲಿ ನಲವತ್ತೂ ಜನ ಒಟ್ಟಿಗೆ ಕೂತು ಕೆಲಸ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಕೋರ್ಸ್ ರದ್ದು. ನಲವತ್ತು ಕಂಪ್ಯೂಟರ್ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಬರೀ ಪರದೆ, ಕೀಲಿಮಣೆ ಕೊಂಡು ಎಲ್ಲವನ್ನೂ ಒಂದೇ ಸರ್ವರಿಗೆ ಜೋಡಿಸುವುದು ಎಂದಾಯಿತು. ಒಲೆ ಒಂದೇ, ಎಲೆ ನಲವತ್ತು.

ಅಕ್ಬರಿ ಬೇಗಂ ಅವರ ಮೊಮ್ಮಗಳು ಬದ್ರುನ್ನೀಸಾ ಈ ನಲವತ್ತರಲ್ಲಿ ಒಬ್ಬಳು. ಬೆಳಗಾದರೆ ಗಾರ್ಮೆಂಟ್ ಫ್ಯಾಕ್ಟರಿಯ ವ್ಯಾನು ಅವರ ಬೀದಿಯ ಕೊನೆಗೆ ಬಂದು ಹಾರ್ನ್ ಮಾಡುತ್ತಿತ್ತು. ಅವಳ ಓರಗೆಯವರೆಲ್ಲ ಆಗಲೇ ಅದನ್ನು ಹತ್ತಿಯಾಗಿತ್ತು. ಅಜ್ಜಿ ನನ್ನ ಮುಂದೆಯೇ ಹೇಳಿದ್ದರು:

"ಇಲ್ಲಿ ಕೋರ್ಸ್ ನಿಂತ್ರೆ ಇವಳನ್ನ ಬೆಂಗಳೂರು ಕಾಲೇಜಿಗೆ ನಾನು ಕಳ್ಸಲ್ಲ. ವ್ಯಾನಿಗೇ ಕಳ್ಸೋದು."

ಬದ್ರು ನನ್ನ ಮುಖ ನೋಡಿದಳು.

ಸರ್ವರ್ ಮಾರಲು ಬಂದವನು ಕನಕಪುರದ ಶಿವಕಿರಣ್. ಅವನು ಎರಡು ಬಗೆ ಹೇಳಿದ. ಪೆಟ್ಟಿಗೆ ಒಂದೇ ಥರ, ಒಳಗೆ ಲೆಕ್ಕ ಮಾಡುವ ಚಿಪ್ಪು, ಅದೇ ಪ್ರೊಸೆಸರ್, ಬೇರೆ. ಮೊದಲನೆಯದರ ವೇಗ ಮೂರೂವರೆ ಚಿಲ್ಲರೆ ಗಿಗಾಹರ್ಟ್ಸ್. ಎರಡನೆಯದರದು ಬರೀ ಎರಡು, ಆದರೆ ಒಂದು ಚಿಪ್ಪಿನೊಳಗೆ ಇಬ್ಬರು ಕೆಲಸಗಾರರನ್ನು ಕೂರಿಸಿದ ಹಾಗೆ ಎರಡು ಕೋರ್. ಬೆಲೆ ಎರಡನೆಯದಕ್ಕೇ ಹೆಚ್ಚು. ಓಡುವವನು ಒಬ್ಬನೋ, ನಡೆಯುವವರು ಇಬ್ಬರೋ? ಎಂಎಸ್ಸಿ ಓದಿದ ನನಗೆ ಇದು ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ನಾನು ಓದುವಾಗ ಇಬ್ಬರು ಕೂರುವ ಚಿಪ್ಪು ಪುಸ್ತಕದಲ್ಲೇ ಇರಲಿಲ್ಲ.

ಬೆಂಗಳೂರಿನಲ್ಲಿದ್ದ ಗೆಳತಿ ಶ್ರುತಿಗೆ ಫೋನ್ ಮಾಡಿದೆ. ಕಣ್ಣು ಮುಚ್ಚಿಕೊಂಡು ಮೊದಲನೆಯದು ತಗೋ ಎಂದಳು. ತರಿಸಿದ ಕಂಪ್ಯೂಟರ್ ಪತ್ರಿಕೆಯಲ್ಲಿ ಮುಂದಿನ ಪುಟ ಎರಡನೆಯದನ್ನು ಹೊಗಳಿತ್ತು, ಹಿಂದಿನ ಪುಟ ಮೊದಲನೆಯದನ್ನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಶಿವಕಿರಣನನ್ನು ಕೇಳಿದರೆ "ನಿಮಗೆ ಹೆಂಗ್ ಬೇಕೋ ಹಂಗೆ ಮೇಡಂ" ಎಂದು ಹಲ್ಲು ಕಿರಿದ. ಅವನ ಹಲ್ಲಿಗಿಷ್ಟು ಬೆಂಕಿ ಹಾಕ!

ಸಮಿತಿಯ ಸಭೆಯಲ್ಲಿ ಅಕ್ಬರಿ ಬೇಗಂ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ವರ್ಷ ಬಾಳತ್ತೆ?"

"ಹತ್ತು ವರ್ಷಕ್ಕೆ ಏನೂ ಆಗಲ್ಲ ಅಮ್ಮ" ಎಂದ ಶಿವಕಿರಣ್. ನಾನೇಕೆ ಸುಮ್ಮನಿರಲಿ, ಓದಿದವಳು? "ಏಳು ವರ್ಷಕ್ಕಂತೂ ಮೋಸ ಇಲ್ಲ" ಎಂದೆ. ಯಾವ ಆಧಾರದ ಮೇಲೆ ಹಾಗೆಂದೆನೋ ದೇವರೇ ಬಲ್ಲ.

"ನೀವಿಬ್ಬರೂ ಹೇಳೋದು ಕೇಳಿದ್ರೆ ಮೂರು ವರ್ಷಾನೂ ಇಲ್ಲ ಅನ್ಸತ್ತೆ" ಎಂದರು ಆಕೆ. "ನನಗೆ ಮೂರು ಸಾಕು. ನಮ್ಮ ಬದ್ರು ಓದು ಮುಗಿಯೋವರೆಗೆ."

ಬೋರಲಿಂಗಯ್ಯನವರು ಕ್ಯಾಟಲಾಗನ್ನು ಪಕ್ಕಕ್ಕೆ ಸರಿಸಿದರು. "ನೋಡವ್ವ ಪ್ರತಿಮಾ, ಗೂಡಿನ ಬಣ್ಣ ನೋಡಿ ಕೊಂಡೋನು ಕೆಟ್ಟ. ಒಸಿ ಬಿಚ್ಚಿ ನೋಡ್ಬೇಕು. ಎರಡೂ ಮಿಷನ್ ತರಿಸು, ಓಡ್ಸು. ಎಷ್ಟು ಬತ್ತದೆ ಅಂತ ಒಂದ್ ಚೀಟೀಲಿ ಬರೆದು ಮಡಗು. ಮಿಕ್ಕಿದ್ದು ನಾವ್ ನೋಡ್ಕತೀವಿ."

ಅದೂ ಸರಿಯೇ ಅನ್ನಿಸಿತು. ಶಿವಕಿರಣ್ ಎರಡು ಯಂತ್ರಗಳನ್ನು ಪರೀಕ್ಷೆಗೆಂದು ತಂದಿಟ್ಟ. ಪರದೆಗಳು ಇನ್ನೂ ಬಂದಿರಲಿಲ್ಲ. ಭಾನುವಾರ ಬೆಳಗಿನ ತಂಪಿನಲ್ಲಿ ನಾನೊಬ್ಬಳೇ ಕೂತು ಒಂದು ದೊಡ್ಡ ಲೆಕ್ಕವನ್ನು ಎರಡಕ್ಕೂ ಕೊಟ್ಟೆ. ಒಂದು ನಿಮಿಷದಲ್ಲಿ ಮೊದಲನೆಯದು ಅದನ್ನು ಒಂಬತ್ತು ಸಲ ಮಾಡಿ ಮುಗಿಸಿತು, ಎರಡನೆಯದು ಆರು ಸಲ. ಅಬ್ಬ, ಗೊಂದಲ ಹರಿಯಿತು! ಚೀಟಿಯಲ್ಲಿ "ಮೊದಲನೆಯದು 9, ಎರಡನೆಯದು 6" ಎಂದು ದೊಡ್ಡದಾಗಿ ಬರೆದೆ. ಯಾವುದನ್ನು ಕೊಳ್ಳಬೇಕು ಎಂದು ಬರೆಯಲಿಲ್ಲ. ನಾಳೆ ಹೆಚ್ಚುಕಮ್ಮಿಯಾದರೆ ನನ್ನ ತಲೆಗೆ ಬರಬಾರದು ನೋಡಿ. ಅಂಕಿಯೇ ಮಾತಾಡುತ್ತದಲ್ಲ, ನಾನೇಕೆ ಮಾತಾಡಲಿ ಎಂದುಕೊಂಡು ಚೀಟಿಯನ್ನು ಸಮಿತಿಗೆ ಕಳಿಸಿ, ವಾರದ ಪರೀಕ್ಷಾ ಕೆಲಸಕ್ಕೆ ಮಾಗಡಿಗೆ ಹೋದೆ.

ಮಾಗಡಿಯಿಂದ ಬಂದು ನೋಡುತ್ತೇನೆ, ಲ್ಯಾಬಿನಲ್ಲಿ ಹೊಸ ಸರ್ವರ್ ಕೂತಿದೆ. ಎರಡನೆಯದು! ನಿಧಾನದ್ದು, ದುಬಾರಿಯದ್ದು. ಪರದೆಗಳೂ ಬಂದಿದ್ದವು. ತಪಾಸಣೆ ಗುರುವಾರ ಎಂಬ ಸುದ್ದಿಯೂ ಬಂದಿತ್ತು. ಅಂದು ಮಂಗಳವಾರ. ನನಗೆ ತಲೆ ಕೆಟ್ಟು ಕೆರ ಹಿಡಿಯಿತು. ಇದರಲ್ಲಿ ಶಿವಕಿರಣನ ಕೈವಾಡವಿದೆ, ಯಾರಿಗೋ ಏನೋ ಸಂದಾಯವಾಗಿದೆ ಎಂದು ಮನಸ್ಸಿನಲ್ಲೇ ಎಲ್ಲರಿಗೂ ಬೈದುಕೊಂಡು ನೇರವಾಗಿ ಗೂಡಿನ ಮಾರುಕಟ್ಟೆಗೆ ನಡೆದೆ.

ಬೋರಲಿಂಗಯ್ಯನವರು ಜಾಲರಿಯ ತೊಟ್ಟಿಯೊಳಗೆ ಮೊಳಕೈವರೆಗೆ ಕೈಯಿಟ್ಟು ತಳದ ಗೂಡು ಎತ್ತಿ ನೋಡುತ್ತಿದ್ದರು.

"ಏನವ್ವ, ಮಿಷನ್ ಬಂತಾ?"

"ಬಂತು ಸಾರ್. ಒಂಬತ್ತು ಬಿಟ್ಟು ಆರನ್ನ ಯಾಕೆ ತಗೊಂಡ್ರಿ?"

"ಅಯ್ಯೋ ಹುಚ್ಚಿ! ಒಂಬತ್ತು ಯಾವನ್ಗೆ ಬೇಕು ಕಣವ್ವ?" ಅವರು ಒಂದು ಗೂಡನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಹುಳು ಕಟಕಟ ಎಂದಿತು. "ಒಂದ್ ಕೇಜಿ ನೂಲಿಗೆ ಒಂಬತ್ ಕೇಜಿ ಗೂಡು ಸುರಿದ್ರೆ ಮನೆಮಠ ಮಾರ್ಕಬೇಕಾಯ್ತದೆ. ಆರಕ್ಕೇ ಒಂದ್ ಕೇಜಿ ಬತ್ತದಲ್ಲ, ಅದು ಗೂಡು! ರೆಂಡಿಟ್ಟ ಅಂತೀವಿ. ಅದು ಕಮ್ಮಿ ಇದ್ದಷ್ಟೂ ಮಾಲು ಚಿನ್ನ. ಬೇಗಂ ಅವರೂ ಚೀಟಿ ನೋಡಿ ಆರೇ ಸರಿ ಅಂದ್ರು. ಆ ಹುಡ್ಗ ಅದಕ್ಕೇ ರೇಟೂ ಜಾಸ್ತಿ ಹೇಳ್ದ. ಗೊತ್ತಾಗ್ಬುಡ್ತು ನಮಗೆ. ಒಳ್ಳೆ ಗೂಡಿಗೆ ರೇಟು ಜಾಸ್ತೀನೇ ಇರ್ತದೆ."

ನನಗೆ ನಗು ಬರಬೇಕಿತ್ತು, ಅಳು ಬಂತು. ಜೀವಮಾನವಿಡೀ ಚಿಕ್ಕ ಅಂಕಿಯನ್ನೇ ಪೂಜಿಸಿದವರ ಕೈಗೆ ನಾನು ಬರೀ ಎರಡು ಅಂಕಿ ಕೊಟ್ಟು ಹೋಗಿದ್ದೆ. ಆ ಮನುಷ್ಯ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರೆಂದರೆ, ನಿಮ್ಮದು ತಪ್ಪು ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಹೂಂ ಎಂದು ಹಿಂತಿರುಗಿದೆ.

ದಾರಿಯಲ್ಲಿ ಉಪಾಯ ಹೊಳೆಯಿತು. ಪರೀಕ್ಷೆಗೆ ತಂದ ಮೊದಲನೆಯ ಯಂತ್ರವನ್ನು ಶಿವಕಿರಣ್ ಇನ್ನೂ ತೆಗೆದುಕೊಂಡು ಹೋಗಿರಲಿಲ್ಲ. ಅದು ಲ್ಯಾಬಿನ ಮೂಲೆಯಲ್ಲೇ ಬಿದ್ದಿತ್ತು. ಗುರುವಾರದ ಮಟ್ಟಿಗೆ ಅದನ್ನೇ ಜೋಡಿಸಿದರೆ ತಂಡದವರಿಗೇನು ಗೊತ್ತು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬುಧವಾರ ಬಾಗಿಲು ಹಾಕಿಕೊಂಡು ತಾಲೀಮು ಇಟ್ಟೆ. ನಲವತ್ತೂ ಹುಡುಗಿಯರು ಕೂತರು, ಮುಂದಿನ ಸಾಲಿನಲ್ಲಿ ಬದ್ರು.

"ಎಲ್ಲರೂ ಒಟ್ಟಿಗೆ ಓಡಿಸಿ" ಎಂದೆ.

ಮೊದಲು ಚೆನ್ನಾಗಿಯೇ ಓಡಿತು. ಆಮೇಲೆ ಪೆಟ್ಟಿಗೆಯ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಮೊರೆಯತೊಡಗಿತು. ಮುಟ್ಟಿದರೆ ಬಿಸಿ. ಮಧ್ಯಾಹ್ನದ ಸೆಕೆ ಬೇರೆ, ಎಸಿಯ ಹೆಸರೂ ಕೇಳದ ಕೋಣೆ. ಆ ಚಿಪ್ಪು ಕಾವೇರಿದರೆ ಸುಟ್ಟುಹೋಗದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆಯಂತೆ. ಅದು ನನಗೆ ತಿಳಿದದ್ದು ಆಮೇಲೆ. ಆಗ ಕಂಡದ್ದು ಇಷ್ಟೆ: ಹಿಂದಿನ ಸಾಲಿನಿಂದ ಒಂದೊಂದೇ ಪರದೆ ನಿಂತುಕೊಂಡು ಬಂತು.

"ಮಿಸ್, ನಂದು ನಿಂತೋಯ್ತು."

"ಮಿಸ್, ನಂದೂ ಅಳ್ಳಾಡ್ತಿಲ್ಲ."

ಕೊನೆಗೆ ಬದ್ರುವಿನ ಪರದೆಯೂ ನಿಂತಿತು. ಅವಳು ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಮಿಸ್, ನಾಳೇನೂ ಹಿಂಗೇ ಆದ್ರೆ?" ಎಂದಳು. ಒಂಬತ್ತೇ ಹೀಗೆ ಮಲಗಿದ ಮೇಲೆ ಆರರ ಗತಿ ಏನು? ಆದರೂ ಬೇರೆ ದಾರಿಯಿಲ್ಲದೆ ತಂತಿಗಳನ್ನು ಕಿತ್ತು ಆ ದುಬಾರಿ ನಿಧಾನದ್ದಕ್ಕೆ ಸಿಕ್ಕಿಸಿದೆ. ಎಲ್ಲರೂ ಮತ್ತೆ ಓಡಿಸಿದರು.

ಅದು ಓಡಿತು. ಅವಸರವಿಲ್ಲ, ಸದ್ದಿಲ್ಲ. ನಲವತ್ತು ಪರದೆಗಳೂ ನಡೆದವು. ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ. ನಿಲ್ಲಲಿಲ್ಲ. ಬೆಚ್ಚಗಿತ್ತು, ಅಷ್ಟೆ. ಸಂತೋಷವಾಯಿತು, ಸುಳ್ಳು ಹೇಳಲಾರೆ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹಾಗಾದರೆ ನಾನು ಬೆಳಗಿನ ತಂಪಿನಲ್ಲಿ ಕೂತು ಅಳೆದದ್ದೇನು?

ಗುರುವಾರ ತಂಡ ಬಂತು, ನೋಡಿತು, ಟೀ ಕುಡಿಯಿತು, ಅನುಮತಿಗೆ ಶಿಫಾರಸು ಮಾಡುತ್ತೇವೆಂದು ಹೇಳಿ ಹೋಯಿತು. ಬೋರಲಿಂಗಯ್ಯನವರು ಕುರ್ಚಿಯಲ್ಲಿ ಹಿಗ್ಗಿ ಕೂತಿದ್ದರು. ಪಕ್ಕದಲ್ಲಿ ಅಕ್ಬರಿ ಬೇಗಂ.

"ನಾನ್ ಹೇಳ್ಲಿಲ್ವಾ? ರೆಂಡಿಟ್ಟ ನೋಡಿ ತಗೊಂಡ ಮಾಲು ಯಾವತ್ತೂ ಕೈ ಕೊಡಕಿಲ್ಲ."

ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಸಾರ್, ಆ ಚೀಟಿಯಲ್ಲಿ ದೊಡ್ಡ ಅಂಕಿಯೇ ಒಳ್ಳೇದು ಅಂತ ಅರ್ಥ. ಎಷ್ಟು ಸಲ ಕೆಲಸ ಮುಗಿಸಿತು ಅಂತ ಬರೆದಿದ್ದೆ" ಎಂದೆ. ಬುಧವಾರ ನಡೆದದ್ದನ್ನೂ ಹೇಳಿದೆ.

ಬೋರಲಿಂಗಯ್ಯನವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

"ಹಂಗಾರೆ ನಾನ್ ಓದಿದ್ದು ಉಲ್ಟಾ."

"ಹೌದು ಸಾರ್."

"ನೀನ್ ಅಳೆದಿದ್ದೂ ಉಲ್ಟಾ."

"ಹೌದು ಸಾರ್. ಒಬ್ಬಳೇ ಕೂತು ಒಂದೇ ಲೆಕ್ಕ ಕೊಟ್ಟೆ, ಎರಡನೆಯದರಲ್ಲಿ ಒಂದು ಕೋರ್ ಸುಮ್ನೆ ಕೂತಿತ್ತು. ನಲವತ್ತು ಜನಾನ ಕೂರಿಸಿ ನೋಡ್ಲಿಲ್ಲ."

"ಹಂಗಾರೆ ಸರಿಯಾಗಿ ಆರಿಸ್ದೋರು ಯಾರವ್ವ?"

ನಾನು ಏನು ಹೇಳಲಿ? ಪತ್ರಿಕೆಯ ಮುಂದಿನ ಪುಟವೋ, ಮೇಲಿರುವವನೋ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ನಗುತ್ತಿದ್ದರೋ ಬೇಸರಪಟ್ಟರೋ ನನಗೆ ಅರ್ಥವಾಗಲಿಲ್ಲ.

ಅಕ್ಬರಿ ಬೇಗಂ ನನ್ನ ಕಡೆ ತಿರುಗಿದರು.

"ಈಗ ಹೇಳು. ಎಷ್ಟು ವರ್ಷ ಬಾಳತ್ತೆ?"

ಏಳು ಎಂದು ಹೇಳಲು ಬಾಯಿ ತೆರೆದೆ. ಬರಲಿಲ್ಲ.

"ಗೊತ್ತಿಲ್ಲ ಅಮ್ಮ. ನಿಜವಾಗ್ಲೂ ಗೊತ್ತಿಲ್ಲ. ಕೆಟ್ಟರೆ ರಿಪೇರಿ ಮಾಡ್ಸೋಕೆ ನಾನು ಓಡಾಡ್ತೀನಿ, ಅಷ್ಟು ಮಾತ್ರ ಹೇಳ್ಬಲ್ಲೆ."

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ತೊಟ್ಟಿಯ ಗೂಡು ನೋಡುವ ಹಾಗೆ. "ಇಷ್ಟು ದಿನದಲ್ಲಿ ಇದೊಂದು ಮಾತು ನಂಬೋ ಹಾಗಿದೆ" ಎಂದರು. ಎದ್ದು ಬಾಗಿಲಿಗೆ ಹೋಗಿ, ಹೊರಗೆ ಕಾಯುತ್ತಿದ್ದ ಮೊಮ್ಮಗಳನ್ನು ಕರೆದರು.

"ಬದ್ರೂ, ಸಾಯಂಕಾಲ ಆ ವ್ಯಾನಿನವನಿಗೆ ಹೇಳ್ಬಿಡು. ನಿಂಗೆ ಅಂತ ಸೋಮವಾರಕ್ಕೆ ಹಿಡಿದಿಟ್ಟಿರೋ ಸೀಟು ಬೇರೆ ಯಾರಿಗಾದರೂ ಕೊಡ್ಲಿ."

ಸೀಟು ಹಿಡಿಸಿಟ್ಟಾಗಿತ್ತು ಎಂಬುದು ನನಗೆ ತಿಳಿದದ್ದು ಆಗಲೇ. ಬದ್ರುವಿಗೂ ಆಗಲೇ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಅವಳು ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಹೂಂ ಎಂದು ಲ್ಯಾಬಿನ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತಳು.