ಅಳೆದೂ ಸುರಿದೂ ಕೊಂಡ ಮೀಟರು

ನಾನು ಒಂದು ಡಿಜಿಟಲ್ ಮಲ್ಟಿಮೀಟರು. ಕರೆಂಟು ಎಲ್ಲಿದೆ, ಎಷ್ಟಿದೆ, ತಂತಿ ಎಲ್ಲಿ ಕಡಿದಿದೆ ಎಂದು ಹೇಳುವುದು ನನ್ನ ಕಸುಬು. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಒಬ್ಬ ಹೆಣ್ಣುಮಗಳು ನನ್ನ ಹೊಟ್ಟೆಯೊಳಗೆ ಫ್ಯೂಸು ಕೂರಿಸಿ, ಬೆನ್ನಿಗೆ ಸ್ಕ್ರೂ ಬಿಗಿದು, ಮುಖ ಒರೆಸಿ ಡಬ್ಬಿಗೆ ಹಾಕಿದಳು. ಅವಳನ್ನು ಸರಿಯಾಗಿ ನೋಡುವಷ್ಟರಲ್ಲಿ ಮುಚ್ಚಳ ಬಿತ್ತು. ಮತ್ತೆ ಬೆಳಕು ಕಂಡದ್ದು ಹುಬ್ಬಳ್ಳಿಯಲ್ಲಿ, ಇಮ್ತಿಯಾಜ್ ಸಾಹೇಬರ ಎಲೆಕ್ಟ್ರಾನಿಕ್ಸ್ ಅಂಗಡಿಯ ಗಾಜಿನ ಕಪಾಟಿನಲ್ಲಿ.

ಅಲ್ಲಿ ನಾವು ಮೀಟರುಗಳು ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತವರ ಹಾಗೆ ಸಾಲಾಗಿ ಕೂತಿದ್ದೆವು. ನೋಡಲು ಬಂದವರು ಅಡಿವೆಪ್ಪನವರು. ವಿಮೆ ಕಚೇರಿಯಲ್ಲಿ ಗುಮಾಸ್ತರು. ಸಂಜೆಯಾದರೆ ಬೆಸುಗೆ ಹಾಕುತ್ತ ರೇಡಿಯೊ, ಗಂಟೆ, ದೀಪ ಎಂದು ಏನಾದರೊಂದು ಜೋಡಿಸುವ ಹವ್ಯಾಸ. ಹಳೆಯ ಮೀಟರು ಕೆಟ್ಟು ಹೊಸದು ಬೇಕಾಗಿತ್ತು. ಬಂದಾಗಲೆಲ್ಲ ನನ್ನನ್ನು ಹೊರಗೆ ತೆಗೆಸುತ್ತಿದ್ದರು, ಪಕ್ಕದ ಬೂದು ಬಣ್ಣದವನನ್ನೂ ತೆಗೆಸುತ್ತಿದ್ದರು. ನನ್ನ ಫ್ಯೂಸು ದೊಡ್ಡದು, ಅವನ ಪರದೆಗೆ ದೀಪವಿದೆ. ನಾನು ಚುರುಕು, ಅವನಿಗೆ ಬಿಸಿಯನ್ನೂ ಅಳೆಯಲು ಬರುತ್ತದೆ. "ಮನಿಗೆ ಹೋಗಿ ಮೀಟರಿಂದ ಇನ್ನೊಂದು ವಿಡಿಯೊ ನೋಡಿ ಬರ್ತೇನ್ರಿ ಸಾಹೇಬ್ರ" ಎಂದು ಹೊರಟುಬಿಡುತ್ತಿದ್ದರು. ಮಗಳ ಮದುವೆ ಮಾಡುವವರೂ ಇಷ್ಟು ಮೀನ ಮೇಷ ಎಣಿಸುವುದಿಲ್ಲ. ಕಪಾಟಿನಲ್ಲಿ ಕೂತು ನಾವು ನಗುತ್ತಿದ್ದೆವು.

ನಗು ನಿಂತದ್ದು ಅವರ ಅಕ್ಕ ದಾಕ್ಷಾಯಿಣಿ ಜೊತೆಗೆ ಬಂದ ದಿನ. ಓಣಿಯ ಮಕ್ಕಳಿಗೆ ವಚನ ಹಾಡಲು ಕಲಿಸುತ್ತಲೇ ತಲೆ ನೆರೆತವರು. ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ. ಅವರ ಹಾಡಿಗೆ ಶ್ರುತಿ ಹಿಡಿಯುವ ಕರೆಂಟಿನ ತಂಬೂರಿ ಪೆಟ್ಟಿಗೆ ಕೆಟ್ಟು ಕೂತಿತ್ತು. ಅದನ್ನು ರಿಪೇರಿ ಮಾಡಲೆಂದೇ ಮೀಟರಿನ ಈ ಹುಡುಕಾಟ ಎಂದು ನನಗೆ ಅಂದು ತಿಳಿಯಿತು.

"ಸೋಮವಾರ ಗಂಟಲ ಆಪರೇಶನ್ ಐತ್ರಿ," ಎಂದರು ಅಕ್ಕ, ಒಡೆದ ದನಿಯಲ್ಲಿ. "ಒಳಗ ಬೆಳದ ಗಡ್ಡಿ ತಗದ್ರ ಅದರ ಜೋಡಿ ದನಿನೂ ಹೋಗತೈತಿ ಅಂದಾರ ಡಾಕ್ಟ್ರು. ಅದಕ್ಕೂ ಮೊದಲ ನನ್ನ ಪೆಟ್ಟಿಗಿ ಮುಂದ ಕುಂತು ಒಮ್ಮೆ ಮನಸಾರೆ ಹಾಡಬೇಕು."

"ಫೋನಿನಾಗೂ ತಂಬೂರಿ ಬರತೈತಲ್ರಿ ಅಕ್ಕಾರ?" ಸಾಹೇಬರು ಕೇಳಿದರು.

"ಅದು ಕಿವಿಗೆ ಒಗ್ಗಂಗಿಲ್ರಿ." ಅಕ್ಕ ತಮ್ಮನ ಕಡೆ ತಿರುಗಿದರು. "ಯಾವುದರ ಒಂದು ತಗೋ ತಮ್ಮಾ. ಇಲ್ಲಂದ್ರ ರಿಪೇರಿ ಅಂಗಡಿಗೆ ಕೊಡು."

"ನಾ ಇರೂವಾಗ ಮಂದಿ ಕೈಯಾಗ ಯಾಕ? ಹೆಂಗ್ಯಾಂಗರ ಕೈ ಹಾಕಿ ಪೆಟ್ಟಿಗಿ ಸುಟ್ಟರ ಏನ್ ಮಾಡ್ತಿ? ತಡೀ ಅಕ್ಕಾ, ಚೊಲೊ ಮೀಟರ್ ತಗೊಂಡ ಮಾಡ್ತೇನಿ."

ಪ್ರೀತಿಯಿಂದಲೇ ಹೇಳಿದರು. ಅಕ್ಕನ ಪೆಟ್ಟಿಗೆಗೆ ಊರಲ್ಲೇ ಒಳ್ಳೆಯ ಮೀಟರು ಮುಟ್ಟಬೇಕು ಎಂಬ ಹಟ. ಸಿಟ್ಟಿನ ಮನುಷ್ಯನಾಗಿದ್ದರೆ ಬೈದುಕೊಂಡು ಸುಮ್ಮನಿರಬಹುದಿತ್ತು. ಇಂಥವರನ್ನು ಏನೆಂದು ಬೈಯುವುದು? ಶನಿವಾರ ಬಂದು ನಮ್ಮಿಬ್ಬರನ್ನೂ ಎದುರುಬದುರು ಇಟ್ಟು ನೋಡಿ, ನಾಳೆ ಬರುತ್ತೇನೆ ಎಂದು ಹೋದರು. ನಾಳೆ ಭಾನುವಾರ, ಅಂಗಡಿಗೆ ರಜೆ. ವಿಡಿಯೊಗಳ ಭರದಲ್ಲಿ ಅವರಿಗೆ ವಾರವೇ ಮರೆತಿತ್ತು.

ಮತ್ತೆ ಬಂದಾಗ ಗಡ್ಡ ಬೆಳೆದಿತ್ತು. ಬೂದು ಬಣ್ಣದವನ ಕಡೆ ತಿರುಗಿಯೂ ನೋಡದೆ ನನ್ನತ್ತ ಬೆರಳು ತೋರಿಸಿದರು.

"ಅಕ್ಕಾರು ಹೆಂಗದಾರ್ರಿ?" ಎಂದರು ಸಾಹೇಬರು.

"ಆಪರೇಶನ್ ಚೊಲೊ ಆತ್ರಿ," ಎಂದರು. ಹಣ ಎಣಿಸಿ ಗಾಜಿನ ಮೇಲಿಟ್ಟರು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ನನ್ನನ್ನು ಮನೆಗೆ ಒಯ್ದರು. ಪೆಟ್ಟಿಗೆ ಬಿಚ್ಚಿ, ನನ್ನ ಕೆಂಪು ಕಡ್ಡಿಯನ್ನು ತಂತಿಯ ಒಂದು ತುದಿಗೂ ಕಪ್ಪು ಕಡ್ಡಿಯನ್ನು ಇನ್ನೊಂದು ತುದಿಗೂ ಮುಟ್ಟಿಸಿದರು. ತಂತಿ ಸರಿಯಿದ್ದರೆ ನಾನು ಕೂಗಬೇಕು. ಕೂಗಲಿಲ್ಲ. ಒಳಗೊಂದು ತಂತಿ ಕಡಿದಿತ್ತು, ಅಷ್ಟೇ. ಆ ಕಪಾಟಿನ ಅತಿ ಅಗ್ಗದ ಮೀಟರೂ ಇದನ್ನು ಹೇಳುತ್ತಿತ್ತು. ಅಡಿವೆಪ್ಪನವರು ಕಡಿದ ತಂತಿಯನ್ನು ಬೆರಳಲ್ಲಿ ಹಿಡಿದು ತುದಿ ಕೆರೆದರು. ಆಮೇಲೆ ಬೆಸುಗೆ ಹಾಕಿದರು.

ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ಪೆಟ್ಟಿಗೆಯನ್ನು ಅವರ ಮಂಚದ ಮೇಲಿಟ್ಟು ಸ್ವಿಚ್ಚು ಹಾಕಿದರು. ನಾನೂ ಅಲ್ಲೇ ಮೇಜಿನ ಮೇಲಿದ್ದೆ. ತಂಬೂರಿ ಮೊಳಗಿತು. ಅಕ್ಕ ಕಣ್ಣು ಮುಚ್ಚಿ ಆಲಿಸಿದರು. ಶ್ರುತಿ ಕೂದಲೆಳೆಯಷ್ಟು ತಪ್ಪಿದ್ದು ಅವರಿಗೆ ತಿಳಿಯಿತು. ಗುಂಡಿ ತಿರುವಿ ಸರಿಮಾಡಿದರು. ಬೆನ್ನು ನೇರ ಮಾಡಿ ಕೂತರು. ಬಾಯಿ ತೆರೆಯಿತು, ಷಡ್ಜ ಹಿಡಿಯುವ ಹಾಗೆ. ಕೊರಳಲ್ಲಿ ವೈದ್ಯರು ಉಸಿರಾಟಕ್ಕೆ ಮಾಡಿಟ್ಟ ತೂತಿನಿಂದ ಬರೀ ಗಾಳಿ ಬಂತು.

ಅಕ್ಕ ಸ್ವಿಚ್ಚು ಆರಿಸಿದರು. ಪೆಟ್ಟಿಗೆಯನ್ನು ತಮ್ಮನ ಕಡೆ ಸರಿಸಿ, ಯಾರಾದರೂ ಶಿಷ್ಯೆಗೆ ಕೊಡು ಎಂದು ಕೈಸನ್ನೆ ಮಾಡಿದರು. ಅಡಿವೆಪ್ಪನವರು ಅವರ ಮಡಿಲಲ್ಲಿ ಮುಖವಿಟ್ಟು ಅತ್ತರು. ಅಕ್ಕ ತಲೆ ಸವರಿದರು. ಅವರೂ ಅಳುತ್ತಿದ್ದರು, ಸದ್ದು ಮಾತ್ರ ಇರಲಿಲ್ಲ.

ಪೆಟ್ಟಿಗೆ ಹೋಯಿತು. ನಾನು ಅಡುಗೆಮನೆ ಪಕ್ಕದ ಗೂಡು ಸೇರಿದೆ. ಬೆಸುಗೆಯ ವಾಸನೆ ಈ ಮನೆಯಲ್ಲಿ ಮತ್ತೆ ಏಳಲಿಲ್ಲ. ಒಳಗೆ ಬ್ಯಾಟರಿ ಸೋರಿ ನನ್ನ ಕರುಳು ಹಸಿರುಗಟ್ಟಿದೆ, ಪರದೆಯಲ್ಲಿ ಅಂಕಿ ಮೂಡುವುದಿಲ್ಲ. ಒಳ್ಳೆಯ ಮೀಟರು ಎನಿಸಿಕೊಂಡು ನಾನು ಪಡೆದದ್ದು ಇಷ್ಟೇ. ಬೂದು ಬಣ್ಣದವನನ್ನು ಮೊದಲ ದಿನವೇ ಕೊಂಡುಹೋಗಿದ್ದರೆ ನಾನು ಕಪಾಟಿನಲ್ಲೇ ಸಂತೋಷವಾಗಿ ಕೊಳೆಯುತ್ತಿದ್ದೆ.

ಏನಾದರೂ ಬೇಕಾದರೆ ಅಕ್ಕ ಈಗ ಚಮಚದಿಂದ ತಟ್ಟೆ ಬಡಿಯುತ್ತಾರೆ. "ಬಂದೆ ಅಕ್ಕಾ!" ಎಂದು ಅಡಿವೆಪ್ಪನವರು ಉಣ್ಣುತ್ತಿದ್ದ ತುತ್ತನ್ನೂ ಬಿಟ್ಟು ಏಳುತ್ತಾರೆ. ಎರಡನೇ ಬಡಿತ ನಾನು ಈವರೆಗೆ ಕೇಳಿಲ್ಲ.