ಹದಿನೈದು ವಾಟಿನ ಕಟ್ಟಳೆ

ಹುಲಿಗೆಮ್ಮ ನಡು ಮಧ್ಯಾಹ್ನ, ಕೋಣೆಯ ಬಲ್ಬು ಉರಿಯುತ್ತಿರುವಾಗಲೇ ಸತ್ತಳು. ಕೆಮ್ಮಿನ ಔಷಧಿಯೆಂದು ತಿಳಿದು ಬಟ್ಟೆಯ ಕಲೆ ತೆಗೆಯುವ ಆಸಿಡ್ ಕುಡಿದಿದ್ದಳು. ಎರಡೂ ಒಂದೇ ಗೂಡಿನಲ್ಲಿ, ಒಂದೇ ಕಂದು ಬಣ್ಣದ ಬಾಟಲಿಗಳಲ್ಲಿದ್ದವು. ಕೋಣೆಗೆ ಕಿಟಕಿ ಇರಲಿಲ್ಲ. ಹದಿನೈದು ವಾಟಿಗಿಂತ ದೊಡ್ಡ ಬಲ್ಬು ಹಾಕಕೂಡದೆಂದು ಮಾಲೀಕ ಪಂಪಣ್ಣ ಕಟ್ಟಳೆ ಮಾಡಿದ್ದ.

ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ನನ್ನ ಕಥೆ ಅಲ್ಲಿಂದಲೇ ಶುರುವಾಗಬೇಕು. ನಾನು ತೂಗುತ್ತಿರುವುದು ಅವಳ ತಲೆಯ ಮೇಲಿದ್ದ ಅದೇ ಹೋಲ್ಡರಿನಲ್ಲಿ.

ನಾನು ಒಂದು ಎಲ್‌ಇಡಿ ಬಲ್ಬು. ಕೈಗಾರಿಕಾ ವಸಾಹತಿನ ತಗಡಿನ ಶೆಡ್ಡೊಂದರಲ್ಲಿ ನನ್ನನ್ನು ಕೂಡಿಸಿದರು. ಹಳದಿ ಚುಕ್ಕೆಗಳ ಬಿಲ್ಲೆಯೇ ನನ್ನ ಎದೆ, ಅದರ ಮೇಲೆ ಬಿಳಿ ಟೊಪ್ಪಿಗೆ, ಕೆಳಗೆ ಪಿನ್ನುಗಳ ಕಾಲು. ಕೂಡಿಸಿದವರು ಹೆಣ್ಣುಮಕ್ಕಳು. ಸಾಲಾಗಿ ಉರಿಯುವ ನಮ್ಮನ್ನು ದಿನವಿಡೀ ನೋಡಿ ನೋಡಿ, ಮನೆಗೆ ಹೊರಡುವಾಗ ಅವರ ಕಣ್ಣ ಮುಂದೆ ಕಪ್ಪು ಕಲೆಗಳು ತೇಲುತ್ತಿದ್ದವಂತೆ. ಬೆಳಕು ಮಾಡುವವರಿಗೆ ಕತ್ತಲೆಯೇ ಕೂಲಿ.

ನನ್ನ ಕೊರಳ ಮೇಲೆ ಎರಡು ಸಂಖ್ಯೆ ಅಚ್ಚಾದವು. ಹನ್ನೆರಡು ವಾಟ್. ಸಾವಿರದ ಇನ್ನೂರು ಲೂಮೆನ್. ಮೊದಲನೆಯದು ನಾನು ತಿನ್ನುವ ಕರೆಂಟು, ಎರಡನೆಯದು ನಾನು ಕೊಡುವ ಬೆಳಕು. ಇದರಲ್ಲಿ ಗೂಢವೇನೂ ಇಲ್ಲ. ಆದರೆ ಜನ ಎಷ್ಟು ತಿನ್ನುತ್ತೀ ಎಂದು ಕೇಳುತ್ತಾರೆಯೇ ಹೊರತು ಎಷ್ಟು ಕೊಡುತ್ತೀ ಎಂದು ಕೇಳುವುದಿಲ್ಲ. ದುಡಿಯುವವರ ವಿಷಯದಲ್ಲೂ ಅವರು ಕೇಳುವುದು ಅದನ್ನೇ.

ಮೊದಲು ನಾನು ಹೋಗಿದ್ದು ಇಂಜಿನಿಯರೊಬ್ಬರ ಹೊಸ ಮನೆಗೆ. ಹಳೆಯ ಗಾಜಿನ ಬಲ್ಬಿನ ಅರವತ್ತು ವಾಟು ಅವರ ತಲೆಯಲ್ಲಿ ಕೂತಿತ್ತು. ಹನ್ನೆರಡು ಯಾವ ಮೂಲೆಗೆ ಎಂದು ಮಲಗುವ ಕೋಣೆಗೆ ನಮ್ಮ ಮೂವರನ್ನು ಒಟ್ಟಿಗೆ ಹಾಕಿಸಿದರು. ದೀಪ ಹಾಕಿದ ಕೂಡಲೇ ಅವರ ಹೆಂಡತಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡು, ಇದು ಮಲಗುವ ಕೋಣೆಯೋ ಆಪರೇಷನ್ ಥಿಯೇಟರೋ ಎಂದರು. ಮರುದಿನವೇ ನಾನು ಅಂಗಡಿಗೆ ವಾಪಸ್ಸು ಬಂದೆ. ಹೆಚ್ಚಾದ ಬೆಳಕನ್ನು ಹಿಂದಿರುಗಿಸಬಲ್ಲ ಮನೆಗಳೂ ಇವೆ ಎಂದು ಅಂದು ತಿಳಿಯಿತು.

ಅಂಗಡಿ ಬಳ್ಳಾರಿಯ ಪೇಟೆಯೊಂದರಲ್ಲಿತ್ತು, ಮೆಹಬೂಬ್ ಸಾಹೇಬರದು. ಒಂದು ಸಂಜೆ ಒಬ್ಬ ಹೆಂಗಸು ಜೀನ್ಸ್ ಪ್ಯಾಂಟಿನ ತುಂಡೊಂದನ್ನು ಹಿಡಿದು ಬಂದಳು. ಅವಳೇ ಸುಂಕಮ್ಮ, ಹುಲಿಗೆಮ್ಮನ ತಂಗಿ. ಅಕ್ಕತಂಗಿಯರ ಕೋಣೆ ಒಂದೇ, ಕೆಲಸವೂ ಒಂದೇ. ಹೊಲಿದು ಬಂದ ಜೀನ್ಸುಗಳನ್ನು ಮನೆಗೆ ತಂದು, ಹೊಲಿಗೆಯಲ್ಲಿ ಉಳಿದ ದಾರದ ತುದಿಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸಿ ಕೊಡುವುದು. ಕಡುನೀಲಿ ಬಟ್ಟೆಯ ಮೇಲೆ ಕಡುನೀಲಿ ದಾರ. ಅಕ್ಕ ಸತ್ತ ದಿನ ಸುಂಕಮ್ಮ ಮುಗಿದ ಗಂಟನ್ನು ಕೊಡಲು ಹೋಗಿದ್ದಳು. ಮಣ್ಣು ಮಾಡಿ ಬಂದ ಮೇಲೆ ಪಂಪಣ್ಣ, ಆ ಹುಲಿಗಿ ಕಣ್ಣಿದ್ದೂ ಕುರುಡಿ ಎಂದು ತಿಂಗಳುಗಟ್ಟಲೆ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಅದನ್ನು ಕೇಳಿಸಿಕೊಂಡೇ ಅವಳು ಅಂಗಡಿಗೆ ಬಂದಿದ್ದಳು.

ಹದಿನೈದು ವಾಟು ದಾಟದಂತೆ ಯಾವುದು ಹೆಚ್ಚು ಬೆಳಗುತ್ತದೋ ಅದು ಬೇಕು ಎಂದಳು. ಸಾಹೇಬರು ಹಲಗೆಯ ಮೇಲಿನ ಹೋಲ್ಡರುಗಳಿಗೆ ಒಂದೊಂದಾಗಿ ನಮ್ಮನ್ನು ಸಿಕ್ಕಿಸಿ ಉರಿಸಿದರು. ಅವಳು ನಮ್ಮ ಕಡೆ ತಲೆಯೆತ್ತಲಿಲ್ಲ. ಪ್ರತಿ ಬಲ್ಬಿನ ಕೆಳಗೂ ಬಟ್ಟೆಯ ತುಂಡನ್ನು ಹಿಡಿದು ದಾರದ ತುದಿ ಹುಡುಕಿದಳು.

"ಬಲ್ಬು ನೋಡವಾ, ಅರಿವಿ ಯಾಕ ನೋಡ್ತಿ?" ಎಂದು ಸಾಹೇಬರು ನಕ್ಕರು.

"ಬಲ್ಬು ನೋಡ್ಕೋತ ಕುಂದ್ರಾಕ ನನಗೇನು ಕೆಲಸಿಲ್ಲೇನ್ರೀ?"

ಹಳದಿ ಬೆಳಕಿನವನ ಕೆಳಗೆ ಬಟ್ಟೆ ಕಪ್ಪಾಗಿ ಕಂಡಿತು, ದಾರ ಕಾಣಲಿಲ್ಲ. ಏಳು ವಾಟಿನವನು ಸೋತ. ನನ್ನ ಕೆಳಗೆ ಅವಳ ಬೆರಳು ನಿಂತಿತು. ಉಗುರಿನಿಂದ ದಾರ ಎತ್ತಿ ಸಾಹೇಬರಿಗೆ ತೋರಿಸಿದಳು. ನಾನು ಆಯ್ಕೆಯಾದದ್ದು ಹೀಗೆ.

ಕೋಣೆ ಇದ್ದದ್ದು ಹಳೆಯ ಹತ್ತಿ ಗೋದಾಮಿನಲ್ಲಿ. ಪಂಪಣ್ಣ ನಡುನಡುವೆ ಗೋಡೆ ಎಬ್ಬಿಸಿ, ಸಾಲು ಕೋಣೆ ಮಾಡಿ ಬಾಡಿಗೆಗೆ ಬಿಟ್ಟಿದ್ದ. ಹತ್ತಿಗೆ ಕಿಟಕಿ ಬೇಕಿರಲಿಲ್ಲ, ಹಾಗಾಗಿ ಹತ್ತಿಯ ಜಾಗಕ್ಕೆ ಬಂದ ಮನುಷ್ಯರಿಗೂ ಇರಲಿಲ್ಲ. ಬಾಗಿಲು ಹಾಕಿದರೆ ಹಗಲೂ ಕತ್ತಲೆ. ಕರೆಂಟು ಬಾಡಿಗೆಯೊಳಗೇ ಸೇರಿದ್ದರಿಂದ ಪ್ರತಿ ಬಲ್ಬಿನ ಮೇಲೂ ಅವನ ಕಣ್ಣಿತ್ತು.

ಸುಂಕಮ್ಮ ಸ್ಟೂಲು ಹತ್ತಿ ಹದಿನೈದು ವಾಟಿನವನನ್ನು ಇಳಿಸಿ ನನ್ನನ್ನು ಸಿಕ್ಕಿಸಿದಳು. ಆ ಮುದುಕ ಕೊಡುತ್ತಿದ್ದ ಬೆಳಕಿನ ಹತ್ತರಷ್ಟು ನನ್ನದು. ಸ್ವಿಚ್ಚು ಒತ್ತಿದಾಗ ಕೋಣೆ ಒಮ್ಮೆಲೇ ಎದ್ದು ನಿಂತಿತು. ಜೇಡರ ಬಲೆ, ಗೋಡೆಯ ಹಸಿ, ಗೂಡಿನ ಅಂಚಿಗೆ ಹತ್ತಿದ ಬೆರಳ ಗುರುತು. ಆಮೇಲೆ ನೆಲ. ಗೂಡಿನ ಕೆಳಗೆ ಬಂಡೆಗಲ್ಲಿನ ಮೇಲೆ ಬಿಳಿಚಿಕೊಂಡ ಒಂದು ಕಲೆ ಇತ್ತು. ಆಸಿಡ್ ಚೆಲ್ಲಿ ಕಲ್ಲು ತಿಂದ ಜಾಗ. ಹುಲಿಗೆಮ್ಮ ಬಿದ್ದ ಜಾಗ. ಅಷ್ಟು ದಿನ ಸುಂಕಮ್ಮ ಅದರ ಮೇಲೆಯೇ ಚಾಪೆ ಹಾಸಿ ಮಲಗಿದ್ದಳು. ಅವಳಿಗೆ ಅದು ಕಂಡೇ ಇರಲಿಲ್ಲ. ಅವಳು ಚಾಪೆಯನ್ನು ಎದುರಿನ ಗೋಡೆಗೆ ಸರಿಸಿ, ಗಂಟು ಬಿಚ್ಚಿ ಕೆಲಸಕ್ಕೆ ಕೂತಳು. ಬಹಳ ಹೊತ್ತು ಕತ್ತರಿ ಮಾತ್ರ ಆಡಲಿಲ್ಲ.

ಅಂದಿನಿಂದ ನನಗೊಂದು ಕೆಟ್ಟ ಹೆಸರು ಅಂಟಿತು. ಸ್ವಿಚ್ಚು ಆರಿಸಿದರೂ ನಾನು ಪೂರ್ತಿ ಆರುತ್ತಿರಲಿಲ್ಲ. ಬೂದಿಯೊಳಗಿನ ಕೆಂಡದಂತೆ ಸಣ್ಣಗೆ ಮಿಣುಕುತ್ತಿದ್ದೆ. ಕಾರಣ ನನಗೆ ಗೊತ್ತು. ಅಗ್ಗದ ವೈರಿಂಗಿನಲ್ಲಿ ಸ್ವಿಚ್ಚನ್ನು ತಪ್ಪು ತಂತಿಗೆ ಕೂಡಿಸಿದ್ದರು. ಆರಿಸಿದ ಮೇಲೂ ಕರೆಂಟು ನನ್ನ ತನಕ ಬಂದು ನಿಂತು, ಹಸಿ ಗೋಡೆಯಲ್ಲಿ ತುಸು ತುಸು ಸೋರುತ್ತಿತ್ತು. ಗಾಜಿನ ಬಲ್ಬಿಗೆ ಅಷ್ಟು ಸಾಲದು, ನನಗೆ ಸಾಕು. ಇದೆಲ್ಲ ತಂತಿಯ ದೋಷ. ಆದರೂ ಹಾಗೆ ಮಿಣುಕುವಾಗ ಗೂಡಿನ ಕಡೆಗೆ ಒಂದು ನೆರಳು ಕೈಚಾಚಿ, ಯಾವುದು ಯಾವುದೆಂದು ತಡಕಾಡುವುದನ್ನು ನಾನು ನೋಡಿದ್ದೇನೆ. ಇಲ್ಲವೆನ್ನಲಾರೆ.

ಪಕ್ಕದ ಕೋಣೆಯ ನಾಗಲಮ್ಮ ಸಕ್ಕರೆ ಕೇಳಲು ಬಂದವಳು ಆ ಮಿಣುಕು ಕಂಡು ಬಟ್ಟಲು ಬಿಟ್ಟು ಓಡಿದಳು. ಹುಲಿಗಿ ಬಂದು ಔಷಧಿ ಹುಡುಕುತ್ತಾಳೆ ಎಂಬ ಸುದ್ದಿ ಸಾಲಿಗೆಲ್ಲ ಹಬ್ಬಿತು. ಎರಡು ದಿನ ಯಾರೂ ಇತ್ತ ಸುಳಿಯಲಿಲ್ಲ. ಮೂರನೆಯ ದಿನ ನಾಗಲಮ್ಮನೇ ಜೀನ್ಸಿನ ಗಂಟು ಹೊತ್ತುಕೊಂಡು ಬಂದಳು. ದೆವ್ವವಿದ್ದರೆ ಇರಲಿ, ಇಲ್ಲಿ ದಾರ ಕಾಣುತ್ತದೆ ಎಂದು ನನ್ನ ಕೆಳಗೆ ಕೂತಳು.

ಬಾಗಿಲ ಸಂದಿಯಿಂದ ಹೊರಬಿದ್ದ ಬೆಳಕು ಎದುರಿಗೇ ಇದ್ದ ಪಂಪಣ್ಣನ ಮನೆಯ ಪಡಸಾಲೆಯ ದೀಪವನ್ನು ಮಂಕು ಮಾಡಿತ್ತು. ನೂರು ವಾಟು ಹಾಕಿ ನನ್ನ ಮನೆ ತೊಳೀತೀಯೇನು ಎಂದು ಅವನು ಬಂದ. ಸುಂಕಮ್ಮ ನನ್ನನ್ನು ಬಿಚ್ಚಿ, ಸೆರಗಿನಲ್ಲಿ ಹಿಡಿದು ಕೊರಳು ತೋರಿಸಿದಳು. ಅವನು ಕನ್ನಡಕ ಏರಿಸಿ ಹನ್ನೆರಡು ಎಂದು ಓದಿದ. ಮತ್ತೆ ಓದಿದ. ಮೀಟರಿನ ಹತ್ತಿರ ಹೋಗಿ ನಿಂತು ಬಂದ. ಬೆಳಕನ್ನು ವಾಟಿನಲ್ಲಿ ಅಳೆದು ಕಟ್ಟಿಹಾಕಿದೆನೆಂದು ನಂಬಿದ್ದ ಮನುಷ್ಯ ಅವನು. ತನ್ನ ಕಟ್ಟಳೆ ಮುರಿಯದೆಯೇ ಮುರಿದುಬಿದ್ದಿದ್ದು ಹೇಗೆಂದು ಅವನಿಗೆ ತಿಳಿಯಲೇ ಇಲ್ಲ. ಕೆಲವೇ ವಾರಗಳಲ್ಲಿ ಸಾಲಿನ ಕೋಣೆಗಳಿಗೆಲ್ಲ ನನ್ನಂಥವರು ಬಂದರು.

ನಮ್ಮ ಪೈಕಿಯವರು ಗಾಜಿನ ಬಲ್ಬಿನಂತೆ ಪಟ್ಟನೆ ಸಾಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಮಂಕಾಗುತ್ತೇವೆ. ಏರಿಳಿಯುವ ಕರೆಂಟು ತಿಂದು ತಿಂದು ನಾನೂ ಸೊರಗಿದ್ದೇನೆ. ಟೊಪ್ಪಿಗೆ ಹಳದಿಯಾಗಿದೆ, ಒಳಗೆ ಸತ್ತ ಹುಳಗಳಿವೆ. ದೊಡ್ಡ ಕೆಲಸ ಮಾಡಿದೆನೆಂಬ ಹಮ್ಮು ನನಗಿಲ್ಲ. ಯಾವ ಬಾಟಲಿಯಲ್ಲಿ ಏನಿದೆ ಎಂದು ಕಾಣುವಷ್ಟು ಬೆಳಕು ಕೊಟ್ಟೆ. ಅಷ್ಟನ್ನೂ ಒಬ್ಬಳು ಸತ್ತ ಮೇಲೆ ಕೊಟ್ಟೆ. ಆ ಲೆಕ್ಕ ಯಾವ ಲೂಮೆನ್ನಿನಿಂದಲೂ ಚುಕ್ತಾ ಆಗುವುದಿಲ್ಲ.

ಮೊನ್ನೆ ಮಧ್ಯಾಹ್ನ ಪಂಪಣ್ಣ ಮತ್ತೆ ಬಂದ. ಜೇಬಿನಲ್ಲಿ ಹದಿನೈದು ವಾಟಿನ ಗಾಜಿನ ಬಲ್ಬಿತ್ತು. ಈ ಸಲ ಅವನು ವಾಟಿನ ಸುದ್ದಿ ಎತ್ತಲಿಲ್ಲ, ದೆವ್ವದ ಸುದ್ದಿ ಎತ್ತಿದ. ಈ ಬಲ್ಬಿನಲ್ಲಿ ಹುಲಿಗಿ ಸೇರಿದ್ದಾಳೆ, ನನ್ನ ಗೋದಾಮಿಗೆ ಕೆಟ್ಟ ಹೆಸರು ಬಂದಿದೆ, ಇದನ್ನು ಇಳಿಸಿದ ಮೇಲೆ ಉಳಿದ ಕೋಣೆಗಳವನ್ನೂ ಇಳಿಸಬೇಕು ಎಂದ. ಹೊಸ್ತಿಲು ಮಾತ್ರ ದಾಟಲಿಲ್ಲ. ಅವನ ಬೆನ್ನ ಹಿಂದೆ ಸಾಲಿನ ಹೆಂಗಸರು ಬಂದು ನಿಂತಿದ್ದರು.

ಸುಂಕಮ್ಮ ನನ್ನನ್ನು ಆರಿಸಿದಳು. ಬಾಗಿಲಿಗೆ ಜನ ಅಡ್ಡ ನಿಂತಿದ್ದರಿಂದ ಒಳಗೆ ಕತ್ತಲೆ ತುಂಬಿತು. ನಾನು ಮಿಣುಕಿದೆ. ಪಂಪಣ್ಣ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಸ್ಟೂಲು ಹತ್ತು ಸುಂಕಿ. ಅದನ್ನ ಬಿಚ್ಚಿ ಇದನ್ನ ಹಾಕು."

"ಒಳಗ ಬರ್ರಿ ಸಾವ್ಕಾರ್ರ. ಹೊರಗ ಯಾಕ ನಿಂತೀರಿ?"

"ದೆವ್ವ ಇಟ್ಕೊಂಡು ಬಾಳೇವು ಮಾಡ್ತೀಯೇನು?"

"ನಮ್ಮಕ್ಕ ಇದ್ದಾಗ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಸತ್ತ ಮ್ಯಾಲರ ಕಾಣಾಕ ಹತ್ಯಾಳ. ಛಲೋ ಆತು."

ಹೊರಗೆ ಯಾರೋ ಕಿಸಕ್ಕೆಂದರು. ಪಂಪಣ್ಣ ನಾಗಲಮ್ಮನ ಕಡೆ ಬಲ್ಬು ಚಾಚಿ, ನೀನಾದರೂ ಹತ್ತಿ ಹಾಕು ಎಂದ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಳಸ್ತೀಯೋ, ಮನಿ ಬಿಡ್ತೀಯೋ? ಒಂದು ಹೇಳು."

ಸುಂಕಮ್ಮ ಸ್ವಿಚ್ಚು ಒತ್ತಿದಳು. ಉಳಿದಿರುವಷ್ಟು ಬೆಳಕನ್ನೆಲ್ಲ ನಾನು ಅವಳ ಮೇಲೆ ಸುರಿದೆ. ಅವಳು ನನ್ನ ಕೆಳಗೆ, ಬರಿನೆಲದ ಮೇಲೆ ಕಾಲು ಚಾಚಿ ಕೂತು, ಒಂದು ಪ್ಯಾಂಟನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು.

"ಇಳಸಂಗಿಲ್ಲ," ಎಂದಳು. "ಬಿಡಂಗೂ ಇಲ್ಲ."