ರುದ್ರಮುನಿಯಪ್ಪ ಜಡಿದ ಬೀಗ

ನಾನು ಅಲಿಗಢದಲ್ಲಿ ಹುಟ್ಟಿದ ಹಿತ್ತಾಳೆ ಬೀಗ. ಹೊಟ್ಟೆಯಲ್ಲಿ ಏಳು ಲಿವರು, ಮೈಯಲ್ಲಿ ಮುಕ್ಕಾಲು ಕಿಲೋ ತೂಕ. ಕಳ್ಳರನ್ನು ತಡೆಯುವುದೇ ನನ್ನ ಕುಲಕಸುಬು ಎಂದುಕೊಂಡಿದ್ದೆ. ನನ್ನ ಗ್ರಹಚಾರ ನೋಡಿ, ತಿಪಟೂರಿನಲ್ಲಿ ನನ್ನನ್ನು ಕೊಂಡವನೇ ಕಳ್ಳ!

ಅವನ ಹೆಸರು ರುದ್ರಮುನಿಯಪ್ಪ. ಸಂತೆಬೀದಿಯಲ್ಲಿ ಅವನದೊಂದು ಮಳಿಗೆ. ಅದನ್ನು ಬಾಡಿಗೆಗೆ ಹಿಡಿದು ಚೆಲುವಾಜಮ್ಮ ಹತ್ತೊಂಬತ್ತು ವರ್ಷದಿಂದ ಇಡ್ಲಿ ಬೇಯಿಸುತ್ತಿದ್ದಳು. ಆ ಒಲೆ ಉರಿದರೇ ಅವಳ ಮನೆಯಲ್ಲಿ ಊಟ. ಇವನಿಗೋ, ಅಳಿಯನಿಗೆ ಅಲ್ಲಿ ಮೊಬೈಲ್ ಅಂಗಡಿ ಹಾಕಿಸುವ ಹುಚ್ಚು. ಒಂದು ಸೋಮವಾರ ಸಂಜೆ ಅವಳು ಮನೆಗೆ ಹೋದದ್ದೇ ತಡ, ಅವಳ ಬಡಪಾಯಿ ಬೀಗವನ್ನು ಸುತ್ತಿಗೆಯಿಂದ ಒಡೆದು ನನ್ನನ್ನು ಜಡಿದ. ಒಳಗೆ ಇಣುಕಿಯೂ ನೋಡಲಿಲ್ಲ, ಅಷ್ಟು ಅವಸರ.

ಬೆಳಿಗ್ಗೆ ಬಂದ ಚೆಲುವಾಜಮ್ಮ ನನ್ನನ್ನು ಹಿಡಿದು ಜಗ್ಗಿದಳು. "ನಿನ್ ಕೈ ಸೇದ್ಹೋಗ! ನನ್ ಹೊಟ್ಟೆ ಮೇಲೆ ಹೊಡುದ್ಯಲ್ಲೋ!" ಎಂದು ಬೀದಿಗೆಲ್ಲ ಕೇಳುವಂತೆ ಶಪಿಸಿದಳು. ಬೈಗುಳ ಅವನಿಗೆ, ಕಲ್ಲೇಟು ನನಗೆ. ಜಪ್ಪಯ್ಯ ಅಂದರೂ ನಾನು ಬಾಯಿ ಬಿಡಲಿಲ್ಲ.

ಅವಳು ನೇರ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಿದಳು. ಇವನು ಅಲ್ಲಿ ಕೈಮುಗಿದು ನಿಂತು, "ಆರ್ ತಿಂಗ್ಳಾಯ್ತು ಸ್ವಾಮಿ, ಖಾಲಿ ಮಾಡ್ಕೊಂಡು ಹೋದ್ಲು. ಹಳೇ ಪಾತ್ರೆ ಬಿಟ್ಟವ್ಳೆ, ಅಷ್ಟೇಯ" ಎಂದು ಬುರುಡೆ ಬಿಟ್ಟ. ಮಳಿಗೆ ನಿಜವಾಗಿ ಯಾರ ಸ್ವಾಧೀನದಲ್ಲಿತ್ತೋ ಅವರ ಕಡೆಗೇ ಆಜ್ಞೆ. ಅದನ್ನು ನೋಡಿ ಬರಲು ಕೋರ್ಟು ಒಬ್ಬ ವಕೀಲರನ್ನು ಕಮಿಷನರಾಗಿ ಕಳಿಸಿತು.

ಗುರುವಾರ ರುದ್ರಮುನಿಯಪ್ಪನೇ ನನಗೆ ಕೀಲಿ ತಿರುಗಿಸಿದ. ಅಬ್ಬಬ್ಬಾ, ಏನು ನಾತ! ಸೋಮವಾರ ಅವಳು ರುಬ್ಬಿಟ್ಟು ಹೋಗಿದ್ದ ಇಡ್ಲಿ ಹಿಟ್ಟು ಮುಚ್ಚಿದ್ದ ತಟ್ಟೆಯನ್ನು ಕೆಡವಿ, ಉಕ್ಕಿ, ನೆಲದ ಮೇಲೆಲ್ಲ ಹರಿದು ಇನ್ನೂ ನೊರೆಯಾಡುತ್ತಿತ್ತು. ವಕೀಲರು ಮೂಗು ಮುಚ್ಚಿಕೊಂಡೇ ಕೇಳಿದರು: "ಆರು ತಿಂಗಳ ಹಿಟ್ಟು ಇವತ್ತು ಉಕ್ಕುತ್ತೇನ್ರೀ, ಯಜಮಾನ್ರೇ?"

ಅವನ ಮುಖ ಹುಳ್ಳಗಾಯಿತು. ತಡೆಯಾಜ್ಞೆ ಚೆಲುವಾಜಮ್ಮನ ಕೈಗೆ ಬಂದ ದಿನ ಅವನು ಬಾಯಿ ತೆರೆದ ನನ್ನನ್ನು ಮಳಿಗೆಯಲ್ಲೇ ಬಿಟ್ಟು, ಸಿಟ್ಟಿಗೆ ನನ್ನ ಕೀಲಿಯನ್ನು ಚರಂಡಿಗೆ ಎಸೆದ. ಇಂದಿಗೂ ಅವಳನ್ನು ಕಂಡರೆ ಅವನು ಉಗುಳುತ್ತಾನೆ, ಅವನನ್ನು ಕಂಡರೆ ಅವಳು ಸೌಟು ಕುಟ್ಟುತ್ತಾಳೆ.

ಕೀಲಿಯಿಲ್ಲದ ನನ್ನನ್ನು ಯಾವ ಬಾಗಿಲಿಗೆ ಹಾಕುತ್ತಾರೆ? ವಯಸ್ಸಾಯಿತು, ಮೈಗೆಲ್ಲ ಕಿಲುಬು ಹಿಡಿದಿದೆ. ಚೆಲುವಾಜಮ್ಮ ದಿನಾ ಸಂಜೆ ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿ, ಅದರ ಮೇಲೆ ನನ್ನನ್ನು ಕುಕ್ಕಿ, "ಈಗ ಹಾಕು ಬೀಗವ, ನೋಡಾನ" ಎಂದು ಎದುರಿಗಿಲ್ಲದ ಅವನನ್ನು ಹಂಗಿಸಿ ಹೋಗುತ್ತಾಳೆ. ನಾನೂ ಹಲ್ಲು ಕಚ್ಚಿ ಅದುಮಿಕೊಂಡೇ ಕೂರುತ್ತೇನೆ. ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಹಿಟ್ಟು ನನ್ನನ್ನು ಎತ್ತಿ ಪಕ್ಕಕ್ಕೆ ಉರುಳಿಸಿರುತ್ತದೆ.